ಮರಿಯಪ್ಪನವರ ಕಥೆಯ ಬಾಗಿಲು

ಮೂಡಲಪಾಳ್ಯದ ನಮ್ಮ ಪಾರ್ಕಿನಲ್ಲಿ ಸಂಜೆ ಮಕ್ಕಳಿಗೆ ಕಥೆ ಹೇಳುವ ಮರಿಯಪ್ಪನವರ ಹತ್ತಿರ ಇರುವ ತಿರುವು ಒಂದೇ: ಸತ್ತನೆಂದುಕೊಂಡವನು ಕೊನೆಗೆ ಬಂದು ಬಾಗಿಲು ಬಡಿಯುತ್ತಾನೆ. ರಾಜನಿರಲಿ, ಲಾರಿ ಡ್ರೈವರ್ ಇರಲಿ, ಹುಲಿ ಬಾಯಿಗೆ ಸಿಕ್ಕವನೇ ಇರಲಿ, ಬಂದೇ ಬರುತ್ತಾನೆ. ಅವರು ಗಂಟಲು ಸರಿಮಾಡಿಕೊಂಡರೆ ಸಾಕು, ಮಕ್ಕಳೇ ಮೊದಲು "ಟಕ್ ಟಕ್!" ಎನ್ನುತ್ತವೆ, ಅವರು ಬೆಚ್ಚಿಬಿದ್ದವರಂತೆ "ಯಾರ್ರೋ ಅದು?" ಎನ್ನುತ್ತಾರೆ. "ಮರಿಯಪ್ನೋರೇ, ಬೇರೆ ಕಥೆನೇ ಇಲ್ವಾ ನಿಮ್ಮತ್ರ?" ಎಂದು ನಾನೂ ರೇಗಿಸಿದ್ದುಂಟು. ಪುಟ್ಟ ಬಿಂದುಶ್ರೀ ತನ್ನ ಅಪ್ಪ ತೀರಿಹೋದ ಮೇಲೆ ಮೊದಲ ಸಲ ಬಂದು ಕುಳಿತ ದಿನ, ಅವಳಿಗೆ ನೋವಾದೀತೆಂದು ಅವರು ಕಥೆಯಲ್ಲಿ ಸತ್ತನೆಂದುಕೊಂಡ ಅಪ್ಪನನ್ನು ವಾಪಸ್ ಕರೆತರದೆಯೇ ಮುಗಿಸಿದರು. ಅವಳು ಅವರ ಪಂಚೆ ಜಗ್ಗಿದಳು. "ನಮ್ಮಪ್ಪ ಬರಲ್ಲ ಅಂತ ನಂಗೊತ್ತು ತಾತ. ಕಥೆಲಿರೋ ಅಪ್ಪನಾದ್ರೂ ಬರ್ಲಿ." ಮರಿಯಪ್ಪನವರು ಮತ್ತೆ ಮೊದಲಿನಿಂದ ಹೇಳಿದರು. ಕಥೆಯ ಅಪ್ಪ ಬಂದಾಗ ನನಗೂ ಮೈ ಜುಮ್ಮೆಂದಿತು.