ಪ್ರತಿಮೆಯಂತೆ ನಿಲ್ಲಿಸುವ ಮಿಸ್ ಲೂರೀನ್

ಓಹಾಯೋದ ನಮ್ಮೂರಲ್ಲಿ ಮಿಸ್ ಲೂರೀನ್ ಯಾರಿಗೆ ಗೊತ್ತಿಲ್ಲ ಹೇಳಿ! ವಾರವೆಲ್ಲ ತಮ್ಮ ಅಂಗಡಿಯಲ್ಲಿ ಹೆಂಗಸರಿಗೆ ಜಡೆ ಹೆಣೆಯುತ್ತಾರೆ. ಗುರುವಾರ ಮಾತ್ರ ಬಾಗಿಲು ಹಾಕಿ, ಮ್ಯೂಸಿಯಮ್ಮಿನಲ್ಲಿ ಬಂದವರಿಗೆ ಕಲೆ ತೋರಿಸುತ್ತಾರೆ. ನಾನಂತೂ ಒಂದು ಗುರುವಾರವೂ ತಪ್ಪಿಸುವುದಿಲ್ಲ.

ಅವರ ಪದ್ಧತಿಯೇ ಬೇರೆ. ಪಕ್ಕದ ಫಲಕ ಮೊದಲು ಓದುವಂತಿಲ್ಲ. ಪ್ರತಿಮೆ ಹೇಗಿದೆಯೋ ನಾವೂ ಹಾಗೇ ನಿಲ್ಲಬೇಕು. ಈಜಿಪ್ಟಿನ ಪ್ರತಿಮೆಯ ಎದುರು ಎಡಗಾಲು ಮುಂದೆ, ಜಪಾನಿನ ದ್ವಾರಪಾಲಕನ ಎದುರು ಹುಬ್ಬು ಗಂಟು. ಜನ ಮೊದಲು ಕಿಸಕ್ಕನೆ ನಗುತ್ತಾರೆ, ಆಮೇಲೆ ಪ್ರತಿಮೆಯನ್ನು ಹೊಸದಾಗಿ ನೋಡತೊಡಗುತ್ತಾರೆ.

ಮ್ಯೂಸಿಯಮ್ಮಿಗೆ ಹೊಸದಾಗಿ ಬಂದ ಮುಖ್ಯಸ್ಥ ಪ್ರೂಯಿಟ್ ಅವರಿಗೆ ಇದೆಲ್ಲ ಕೋತಿಯಾಟವೆನಿಸಿತು. "ಒಂದ್ಸಲ ಬಂದು ನೋಡ್ತೀನಿ. ಸರಿ ಕಾಣ್ಲಿಲ್ಲ ಅಂದ್ರೆ ನಿಲ್ಲಿಸಿಬಿಡ್ತೀನಿ" ಅಂದರು.

ಅವರು ನೋಡಲು ಬಂದ ಗುರುವಾರ ಮಿಸ್ ಲೂರೀನ್, ಅಲ್ಲಿಯ ಎಲ್ಲ ಮಾರ್ಗದರ್ಶಿಗಳಂತೆ, ನಮ್ಮತ್ತ ಮುಖ ಮಾಡಿ ಹಿಮ್ಮುಖವಾಗಿಯೇ ನಡೆಯುತ್ತಿದ್ದರು. ಗಾಬರಿಗೆ ಒಂದು ಹೆಜ್ಜೆ ಜಾಸ್ತಿಯಾಯಿತು. ಉದ್ದ ಜಡೆಯ ಗ್ರೀಕ್ ಯುವಕನ ಪ್ರತಿಮೆಯ ಬಳಿಯ ಅಲಾರಂ ಕಿರ್ರೆಂದಿತು!

ಕಾವಲಿನ ರೂಫಸ್ ಓಡಿ ಬಂದ. "ಏನ್ ಮಿಸ್ ಲೂರೀನ್, ಅವನಿಗೂ ಜಡೆ ಹಾಕೋಕ್ ಹೋದ್ರಾ?"

"ಅವನ್ ಜಡೆ ಲಕ್ಷಣವಾಗೇ ಇದೆ ಕಣೋ. ನಿನ್ನ ಬೋಳುತಲೆಗೆ ಮಾತ್ರ ನಾನೇನೂ ಮಾಡಕ್ಕಾಗಲ್ಲ."

ಎಲ್ಲರೂ ನಕ್ಕರು. ಪ್ರೂಯಿಟ್ ನಗಲಿಲ್ಲ. ಮುಗೀತು ಕಥೆ ಅಂದುಕೊಂಡೆ.

ಮುಂದೆ ಮಾಲಿ ದೇಶದ ಮರದ ಹೆಂಗಸು. ಗಿಡ್ಡ ಕಾಲು, ಬಗ್ಗಿದ ಮೊಣಕಾಲು, ನೆಟ್ಟಗಿನ ಬೆನ್ನು.

"ಎಲ್ರೂ ಹಿಂಗೇ ಮೊಣಕಾಲು ಬಗ್ಗಿಸಿ. ಸಾರ್, ನೀವೂನೂ! ಗೋಡೆಗೆ ಒರಗಂಗಿಲ್ಲ."

ಪ್ರೂಯಿಟ್ ಕೋಟಿನ ಗುಂಡಿ ಬಿಚ್ಚಿ ಮೊಣಕಾಲು ಬಗ್ಗಿಸಿ ನಿಂತರು. ಸ್ವಲ್ಪ ಹೊತ್ತಿಗೆ ತೊಡೆ ಗಡಗಡ.

"ಏನನ್ಸುತ್ತೆ ಸಾರ್?"

"ಕಾಲು ಉರೀತಿದೆ ಕಣಮ್ಮ." ಆದರೂ ಅವರು ಮೇಲೇಳಲಿಲ್ಲ, ಪ್ರತಿಮೆಯನ್ನೇ ದಿಟ್ಟಿಸಿದರು. "ಇಷ್ಟೊತ್ತೂ ಈಕೆ ಸುಮ್ನೆ ನಿಂತಿದಾಳೆ ಅನ್ಕೊಂಡಿದ್ದೆ. ಇಲ್ಲ, ಮೈಯೆಲ್ಲಾ ಬಿಗಿ ಹಿಡಿದಿದಾಳೆ. ಇನ್ನೇನ್ ಕುಣೀತಾಳೋ, ಏನಾದ್ರೂ ಎತ್ತುತಾಳೋ?"

"ನಂಗೂ ಗೊತ್ತಿಲ್ಲ ಸಾರ್. ಒಂದೊಂದ್ ವಾರ ಒಂದೊಂದ್ ಥರ ಅನ್ಸುತ್ತೆ."

ಪ್ರೂಯಿಟ್ ಈಗ ನಕ್ಕರು. "ಗುರುವಾರ ಒಂದೇ ಸಾಲಲ್ಲ. ಶನಿವಾರಾನೂ ಮಾಡಿ."

"ಶನಿವಾರ ಮದುವೆ ಹೆಣ್ಣುಗಳ ತಲೆ ನನ್ ಕೈಲಿರುತ್ತೆ, ಆಗಲ್ಲ. ಭಾನುವಾರ ಚರ್ಚ್ ಮುಗಿಸ್ಕೊಂಡ್ ಬರ್ತೀನಿ."

ಮುಖ್ಯಸ್ಥರಿಗೇ ದಿನ ಗೊತ್ತು ಮಾಡಿಕೊಟ್ಟರಲ್ಲ, ಅದು ನಮ್ಮ ಮಿಸ್ ಲೂರೀನ್! ಈಗ ಭಾನುವಾರ ಅವರ ಚರ್ಚಿನ ಹಾಡುಗಾರ್ತಿಯರು ದೊಡ್ಡ ದೊಡ್ಡ ಹ್ಯಾಟಿನ ಸಮೇತ ಬರುತ್ತಾರೆ. ಬೇಗ ಹೋಗದಿದ್ದರೆ ನನಗೇ ಜಾಗ ಸಿಗುವುದಿಲ್ಲ.