ದೊಡ್ಡಪ್ಪನ ಪೇಡೆ

ಪಿಯುಸಿ ಫಲಿತಾಂಶ ಬಂದ ದಿನ ದೊಡ್ಡಪ್ಪ ತನ್ನ ಮಗ ಪಾಸಾದ ಖುಷಿಗೆ ಇಳಕಲ್ಲಿನ ನಮ್ಮ ಓಣಿಗೆಲ್ಲ ಪೇಡೆ ಹಂಚಿದ. ಅದೇ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಿದ್ದ ನನ್ನ ಕೈಗೂ ಒಂದಿಟ್ಟು, "ನಿನ್ನ ಮಾರ್ಕ್ಸಿಗೆ ಯಾವ ಕಾಲೇಜ್ನವ್ರೂ ಗೇಟ್ ತೆಗಿಯಂಗಿಲ್ಲ. ನಮ್ಮ ಅಂಗಡ್ಯಾಗ ಸೀರಿ ಮಡಚಕೋತ ಕುಂದ್ರು," ಅಂದ.

ಆ ಪೇಡೆಯನ್ನು ಬೀದಿನಾಯಿಗೆ ಹಾಕಿದೆ. ಮರುದಿನದಿಂದಲೇ ಬಸ್ಸು ಹತ್ತಿ ಹುನಗುಂದ, ಬಾದಾಮಿ, ಬಾಗಲಕೋಟೆಯ ಡಿಗ್ರಿ ಕಾಲೇಜುಗಳನ್ನು ನಾನೇ ನೋಡಿ ಬಂದೆ. ದೊಡ್ಡ ಕಟ್ಟಡಗಳಿಗೆ ಮರುಳಾಗಲಿಲ್ಲ. ಪ್ರಯೋಗಾಲಯದ ಮೇಜಿನ ಮೇಲೆ ಬೆರಳಾಡಿಸಿ ಧೂಳು ನೋಡಿದೆ; ಧೂಳಿದ್ದರೆ ಅಲ್ಲಿ ಪ್ರಯೋಗ ನಡೆಯುವುದಿಲ್ಲವೆಂದೇ ಲೆಕ್ಕ. ಗೇಟಿನೆದುರು ನಿಂತ ಹುಡುಗಿಯರನ್ನು, "ಸರ್ ದಿನಾ ಪಾಠ ಮಾಡ್ತಾರೇನ್ರಿ?" ಎಂದು ಕೇಳಿದೆ. ಕೊನೆಗೆ ಧೂಳಿಲ್ಲದ ಒಂದು ಸಣ್ಣ ಕಾಲೇಜು ಸಿಕ್ಕಿತು. ನನ್ನ ಅಂಕಗಳಿಗೆ ಸೀಟೂ ಸಿಕ್ಕಿತು. ಓದು ಮುಗಿಸಿ, ಈಗ ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ.

ಈ ವರ್ಷ ದೊಡ್ಡಪ್ಪನ ಅದೇ ಮಗನ ಮಗಳಿಗೆ ಪಿಯುಸಿಯಲ್ಲಿ ಅಂಕ ಕಡಿಮೆ ಬಂದವು. ದೊಡ್ಡಪ್ಪ ಮೊಮ್ಮಗಳನ್ನು ಕರೆದುಕೊಂಡು ನನ್ನ ಮನೆಗೆ ಬಂದ. "ಯಾವ ಕಾಲೇಜಿಗಿ ಅರ್ಜಿ ಹಾಕೂಣವ್ವಾ?" ಎಂದ, ನೆಲ ನೋಡುತ್ತ.

ಹುಡುಗಿಯ ತಪ್ಪೇನು? ಅವಳಿಗೆ ಧೂಳಿನ ಗುಟ್ಟು ಹೇಳಿಕೊಟ್ಟೆ. ಆಮೇಲೆ ದೊಡ್ಡಪ್ಪನ ಕೈಗೆ ಒಂದು ಪೇಡೆ ಇಟ್ಟೆ.

"ತಿನ್ರಿ ದೊಡ್ಡಪ್ಪ. ಈಗ ಗೇಟ್ ತೆಗಿಯಾಕಿ ನಾನ ಅದೀನಿ."

ಅವನು ಅದನ್ನು ಪೂರ್ತಿ ನುಂಗುವವರೆಗೂ ಎದುರಿಗೇ ನಿಂತಿದ್ದೆ.