ಅಜ್ಜನ ಎಂಜೈಮು

ಮೊನ್ನೆ ಮದುವೆಯೊಂದರ ಊಟ ಹೊಟ್ಟೆಯಲ್ಲೇ ಕೂತುಬಿಟ್ಟಿತೆಂದು ಔಷಧಿ ಅಂಗಡಿಗೆ ಹೋದರೆ ‘ಎಂಜೈಮ್ ಸಿರಪ್’ ಕೊಟ್ಟರು. ಮುಚ್ಚಳ ತೆಗೆದರೆ ಬಡೆಸೋಪಿನ ವಾಸನೆ. ನೀವಾದರೆ ಒಂದು ಚಮಚ ಕುಡಿದು ಮಲಗುತ್ತಿದ್ದಿರಿ. ನನಗೆ ಆ ಹೆಸರು ಓದಿ ಇಳಕಲ್ಲಿನ ನಮ್ಮ ಅಡುಗೆಮನೆ ನೆನಪಾಯಿತು.

ಎಪ್ಪತ್ತರ ದಶಕ. ಅಜ್ಜನಿಗೆ ದೇವರಿಗಿಂತ ಎಂಜಲಿನ ಭಯ ಹೆಚ್ಚು. ಅಂಚೆಚೀಟಿಯನ್ನು ಜನ ನೆಕ್ಕಿ ಅಂಟಿಸುತ್ತಾರೆಂದು, ಬಂದ ಕಾಗದಕ್ಕೆಲ್ಲ ನೀರು ಚಿಮುಕಿಸಿ, ಕಲಸಿಹೋದ ಅಕ್ಷರವನ್ನು ನನ್ನಿಂದ ಓದಿಸುತ್ತಿದ್ದ.

ಇಂಥ ಅಜ್ಜ ಒಂದು ದಿನ ಹೊಟ್ಟೆ ಹಿಡಿದುಕೊಂಡು ಬಿದ್ದ. ಬಾಗಲಕೋಟೆಯ ಡಾಕ್ಟರು ಪರೀಕ್ಷೆ ಮಾಡಿ, ‘ಅಜ್ಜಾರ, ಊಟದಾಗಿನ ಪ್ರೋಟೀನು ಒಡೀಲಿಕ್ಕೆ ಹೊಟ್ಟಿಯೊಳಗ ಒಂದು ಎಂಜೈಮ್ ಇರ್ತದ. ನಿಮ್ದು ಹಾದಿ ತಪ್ಪಿ, ತಾ ಹುಟ್ಟಿದ ಗ್ರಂಥೀನ ತಿನ್ಲಿಕ್ಕೆ ಹತ್ತೇದ’ ಎಂದರಂತೆ.

ಅಜ್ಜನ ಮಂದ ಕಿವಿಗೆ ಬಿದ್ದದ್ದು ಒಂದೇ ಮಾತು: ಎಂಜಲ.

ಗುಣವಾಗಿ ಮನೆಗೆ ಬಂದವನೇ ಕಾಕುವನ್ನು ಕರೆದ. ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ, ಹುನಗುಂದದಿಂದ ಆ ವರ್ಷವಷ್ಟೇ ಬಂದ ಸೊಸೆ.

‘ಖರೆ ಹೇಳು, ಸಾರಿನ ರುಚಿ ನೋಡ್ತೀಯಿಲ್ಲೋ? ನಿನ್ನ ಎಂಜಲ ನನ್ನ ಹೊಟ್ಟ್ಯಾಗ ಹೋಗೇದ. ಡಾಕ್ಟರೇ ಹೇಳ್ಯಾರ!’

‘ಅಂಗೈಮ್ಯಾಲ ಹಾಕ್ಕೊಂಡು ನೋಡ್ತೇನ್ರಿ, ಮಾವನವರ’ ಎಂದಳು ಪಾಪ.

ಅಷ್ಟೇ ಸಾಕಾಯಿತು. ಮರುದಿನವೇ ತವರಿಗೆ ಕಳಿಸುವ ತೀರ್ಮಾನವಾಯಿತು, ವಾಪಸು ಕರೆಸುವ ಮಾತಿಲ್ಲ. ಬಿ.ಎಸ್ಸಿ. ಓದಿದ್ದ ಚಿಕ್ಕಪ್ಪ ಗೋಡೆಯ ಕ್ಯಾಲೆಂಡರ್ ಓದುತ್ತ ನಿಂತಿದ್ದ. ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಬಿಟ್ಟುಬರಲು ಚಿಕ್ಕಪ್ಪನೇ ಹೊರಟ. ಹುನಗುಂದ ಬಂದರೂ ಕಾಕು ಬಸ್ಸಿನಿಂದ ಇಳಿಯಲಿಲ್ಲವಂತೆ. ನೆಟ್ಟಗೆ ಬಾಗಲಕೋಟೆಗೆ ಹೋಗಿ, ಡಾಕ್ಟರನ್ನೇ ಕೇಳಿಕೊಂಡು, ಸಂಜೆಗೆ ಗಂಡನ ಸಮೇತ ನಮ್ಮ ಹೊಸ್ತಿಲಲ್ಲಿ ನಿಂತಳು.

‘ಎಂಜಲ ಅಲ್ಲಂತ್ರಿ, ಎಂಜೈಮು. ಅದೂ ನಿಮ್ದಂತ, ನಂದಲ್ಲ.’

‘ಇಂಗ್ಲಿಷಿನ್ಯಾಗ ಅಂದ್ರ ಎಂಜಲ ಹೋಗ್ತದೇನು?’ ಎಂದ ಅಜ್ಜ.

‘ಆತ್ರಿ’ ಎಂದು ಒಳಗೆ ಹೋದ ಕಾಕು ಅಂದಿನಿಂದ ರುಚಿ ನೋಡುವುದನ್ನೇ ಬಿಟ್ಟಳು. ಒಂದು ದಿನ ಸಾರೆಲ್ಲ ಉಪ್ಪು, ಮರುದಿನ ಬರೀ ಬಿಸಿನೀರು. ಅಜ್ಜ ಹಟ ಹಿಡಿದು ಉಂಡ. ನಾವು ತಪ್ಪು ಮಾಡದೆಯೇ ಉಂಡೆವು. ಕೊನೆಗೊಂದು ಮಧ್ಯಾಹ್ನ ಅವನ ಕೈ ಎಲೆಯ ಮೇಲೆಯೇ ನಿಂತಿತು.

‘ಇನ್ನ ಮ್ಯಾಲ ರುಚಿ ನೋಡಿ ಬಡಸವಾ.’

‘ಎಂಜಲಾಗ್ತದಲ್ರಿ, ಮಾವನವರ?’

ಅಜ್ಜ ತಲೆ ಎತ್ತಲಿಲ್ಲ. ‘ಎಂಜಲಲ್ಲವಾ, ಎಂಜೈಮು.’

ಸಿರಪ್ ಹಿಡಿದು ಮನೆಗೆ ಬಂದಾಗ ನನ್ನ ಹೆಂಡತಿ ಅಂಗೈಯ ಮೇಲೆ ಸಾರು ಹಾಕಿಕೊಂಡು ರುಚಿ ನೋಡುತ್ತಿದ್ದಳು. ಇಷ್ಟು ವರ್ಷ ಆ ಕೈಯನ್ನು ನಾನು ಗಮನಿಸಿಯೇ ಇರಲಿಲ್ಲ. ಉಳಿದದ್ದನ್ನು ನನಗೆ ಕೊಡು ಎಂದೆ.

‘ಎಂಜಲರಿ ಅದು!’

‘ಅದಕ್ಕಽ ಕೇಳಿದ್ದು’ ಎಂದೆ. ಉಪ್ಪು ಸರಿಯಾಗಿತ್ತು.